ಏರುವವರ ಕಾರು

ನಮ್ಮೂರು ಬೆಳಿಗ್ಗೆ ಪಡುವಣಕ್ಕೆ ವಾಲುತ್ತದೆ, ಸಂಜೆ ಮೂಡಣಕ್ಕೆ. ನಡುವೆ ಮಧ್ಯಾಹ್ನ, ಒಂದು ಪಂಕ್ತಿ ಊಟ ಮುಗಿಸಿ ಎಲೆ ಎತ್ತುವಷ್ಟು ಹೊತ್ತು, ಮಟ್ಟವಾಗಿ ನಿಲ್ಲುತ್ತದೆ. ಮದುವೆಯ ಮುಹೂರ್ತಗಳೆಲ್ಲ ಆಗಲೇ. ನನ್ನ ಗಂಡ ಚೆಲುವರಾಜ ತಮ್ಮ ಸ್ಟುಡಿಯೋದಲ್ಲಿ ಕುಟುಂಬದ ಫೋಟೋ ತೆಗೆಯುವುದೂ ಆಗಲೇ. ಬೇರೆ ಹೊತ್ತಿನಲ್ಲಿ ತೆಗೆದರೆ ಹೆಂಗಸರ ಜುಮುಕಿಗಳೆಲ್ಲ ಒಂದೇ ಕಡೆಗೆ ವಾಲಿಕೊಂಡು, ಅತ್ತ ಯಾರೋ ಕರೆದ ಹಾಗೆ ಕಾಣುತ್ತದೆ. ರಾತ್ರಿ ಊರು ಯಾವಾಗ ಮಗ್ಗುಲು ಬದಲಿಸುತ್ತದೆಂದು ಯಾರೂ ಎದ್ದು ಕೂತು ನೋಡಲು ಹೋಗಿಲ್ಲ. ಮಂಚದ ಕಾಲಿಗೆ ಮೊಳೆ ಹೊಡೆದಿರುತ್ತದೆ, ನಿದ್ದೆ ಬಂದಿರುತ್ತದೆ.

ಹೀಗಾಗಿ ಊರಿನಲ್ಲಿ ಇಳಿಯುವವರು, ಏರುವವರು ಎಂದು ಎರಡು ಬಗೆಯ ಜನ. ಮೂಡಲಪೇಟೆಯವರು ಬೆಳಿಗ್ಗೆ ಇತ್ತ ಕೆಲಸಕ್ಕೆ ಬರುವಾಗ ಇಳಿಜಾರು, ಸಂಜೆ ಮನೆಗೆ ಹೋಗುವಾಗಲೂ ಇಳಿಜಾರು. ಅವರು ಸ್ವಲ್ಪ ದುಂಡಗಿರುತ್ತಾರೆ, ಎಲ್ಲಿಗೂ ತಡವಾಗಿ ಹೋಗುವುದಿಲ್ಲ, ಬದುಕು ನಾವು ಅಂದುಕೊಂಡಷ್ಟು ಕಷ್ಟವಲ್ಲ ಎಂದು ಉಳಿದವರಿಗೆ ಬುದ್ಧಿ ಹೇಳುತ್ತಾರೆ. ಪಡುವಲಪೇಟೆಯ ನಮಗೆ ಹೋಗುವಾಗಲೂ ಏರು, ಬರುವಾಗಲೂ ಏರು. ನಮ್ಮ ಕಾಲು ಗಟ್ಟಿ, ಮಾತು ಗಿಡ್ಡ. ಮಾತಾಡಲು ಉಸಿರು ಉಳಿದಿರುವುದಿಲ್ಲ, ಅದಕ್ಕೇ.

ನಾನು ಹುಟ್ಟಿದ್ದು ನಡುಪೇಟೆಯಲ್ಲಿ. ಅಲ್ಲಿ ವಾಲುವುದು ಗೊತ್ತೇ ಆಗುವುದಿಲ್ಲ. ಚೆಲುವರಾಜರನ್ನು ಮದುವೆಯಾಗಿ ಪಡುವಲಪೇಟೆಗೆ ಬಂದೆ. ಮೂಡಲಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಬೆಳಿಗ್ಗೆ ಸ್ಕೂಟರನ್ನು ಅರ್ಧ ಓಡಿಸಿ ಅರ್ಧ ತಳ್ಳಿಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗಿಗಳೇ ಎದ್ದು ನನಗೆ ಜಾಗ ಬಿಟ್ಟು, ನೀರು ಕೊಟ್ಟು ಕೂರಿಸುತ್ತಿದ್ದರು.

ನಮ್ಮತ್ತೆ ಅಂಬುಜಮ್ಮನವರಿಗೆ ಒಬ್ಬಳು ಅಕ್ಕ, ಸರ್ವಮಂಗಳಮ್ಮ. ಇರುವುದು ಮೂಡಲಪೇಟೆಯಲ್ಲಿ. ಅಕ್ಕತಂಗಿಯರು ಒಬ್ಬರ ಮನೆಗೊಬ್ಬರು ಹೋಗಿ ಎಷ್ಟೋ ಕಾಲವಾಗಿತ್ತು. ಜಗಳವೇ ಎಂದರೆ ಇಲ್ಲ. ನೆಂಟರ ಮದುವೆಗಳಲ್ಲಿ, ನಡುಪೇಟೆಯ ಛತ್ರದಲ್ಲಿ, ಬೇರೆ ಬೇರೆ ಸಾಲಿನಲ್ಲಿ ಕೂತು, ಬಡಿಸುವವರ ಮೂಲಕ ಒಬ್ಬರ ಆರೋಗ್ಯ ಒಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಈಚೆಗೆ ಅದೂ ನಿಂತಿತ್ತು. ದೊಡ್ಡತ್ತೆ ಮದುವೆಗಳಿಗೂ ಬರುತ್ತಿರಲಿಲ್ಲ. ಯಾಕೆ ಹೋಗಿ ನೋಡಿಕೊಂಡು ಬರುವುದಿಲ್ಲ ಎಂದು ಕೇಳಿದರೆ ಅತ್ತೆಯ ಉತ್ತರ ಸಿದ್ಧವಾಗಿರುತ್ತಿತ್ತು. "ನಂಗೆ ಹೋಗ್ತಾ ಏರು, ಬರ್ತಾ ಏರು. ಆಟೋದಲ್ಲಿ ಕೂತ್ರೆ ತಲೆ ಸುತ್ತತ್ತೆ. ಅವಳಿಗೇನು, ಜಾರಿಕೊಂಡು ಬರಬಹುದು, ಜಾರಿಕೊಂಡು ಹೋಗಬಹುದು. ಬಂದಳಾ?"

ಒಂದು ದಿನ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನಾನು ಹೆಸರು ಕೂಗುತ್ತಿದ್ದೆ. ಸರ್ವಮಂಗಳಮ್ಮ ಎಂದು ಕೂಗಿದಾಗ ಮೂಲೆಯ ಬೆಂಚಿನಿಂದ ಒಬ್ಬರು ವಾಕರ್ ಹಿಡಿದು ಎದ್ದರು. ನಮ್ಮೂರಿನ ವಾಕರಿಗೆ ಎರಡು ಕಾಲು ಉದ್ದ, ಎರಡು ಗಿಡ್ಡ. ಮಧ್ಯಾಹ್ನ ದಾಟಿದ ಮೇಲೆ ತಿರುಗಿಸಿ ಹಿಡಿಯಬೇಕು. ಅವರು ತಿರುಗಿಸಿ ಹಿಡಿಯುವಷ್ಟರಲ್ಲೇ ಮುಖ ಬೆವರಿತು. ಎರಡು ಮಂಡಿಗಳೂ ಊದಿಕೊಂಡಿದ್ದವು. ನನ್ನ ಗುರುತು ಸಿಕ್ಕಿದ್ದೇ ತಡ, ನನ್ನ ಕೈ ಹಿಡಿದುಕೊಂಡರು.

"ಅಂಬುಜಿಗೆ ಹೇಳಬೇಡ ಕಣಮ್ಮ."

"ಯಾಕೆ ದೊಡ್ಡತ್ತೆ?"

"ನಗ್ತಾಳೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಗಬೇಕಾದ್ದೇ," ಎಂದೂ ಸೇರಿಸಿದರು. ಅದರ ಅರ್ಥ ನನಗೆ ಆಗಲಿಲ್ಲ. ಅವರ ಮಗ ಬಂದು ಕರೆದುಕೊಂಡು ಹೋದ.

ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿತ್ತು. ಆದರೆ ಕಾರು ಕೊಳ್ಳುವುದಿಲ್ಲವೆಂದು ಕೊಟ್ಟಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ, ಇನ್ನು ಸ್ಕೂಟರ್ ತಳ್ಳಲು ನನ್ನಿಂದಾಗದು, ಕಾರು ತೆಗೆದುಕೊಳ್ಳೋಣ ಎಂದೆ. ಅತ್ತೆಯನ್ನೂ ಅಕ್ಕನ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಬಾಲ ಸೇರಿಸಿದೆ. ಅತ್ತೆ ಮಜ್ಜಿಗೆ ಬಡಿಸುತ್ತಿದ್ದವರು ನನ್ನ ತಟ್ಟೆಗೆ ಎರಡು ಸಲ ಬಡಿಸಿ, ಮಗನಿಗೆ ಬಡಿಸುವುದನ್ನು ಮರೆತು ಒಳಗೆ ಹೋದರು.

ಕಾರಿನ ಅಂಗಡಿ ಇರುವುದು ನಡುಪೇಟೆಯಲ್ಲಿ. ಅಲ್ಲಿ ಕಾರುಗಳು ಉರುಳಿಹೋಗುವುದಿಲ್ಲ. ಅದನ್ನು ನಡೆಸುವ ಜಬೀನಾ ಅವರು ಮೊದಲು ಮದುವೆ ಬ್ಯೂರೋ ಇಟ್ಟಿದ್ದವರು. ಊರಿನ ಯಾವ ಮನೆಯ ಹುಡುಗಿ ಯಾವ ಪೇಟೆಗೆ ಹೋದರೆ ಸುಖವಾಗಿರುತ್ತಾಳೆಂದು ಹೇಳುತ್ತಿದ್ದ ಬಾಯಿ ಈಗ ಯಾವ ಮನೆಗೆ ಯಾವ ಕಾರು ಹೋಗಬೇಕೆಂದು ಹೇಳುತ್ತದೆ. ಕೆಲಸ ಎರಡೂ ಒಂದೇ, ಆದರೆ ಕಾರು ಹಿಂದೆ ಬಂದು ಅಳುವುದಿಲ್ಲ ಎನ್ನುತ್ತಾರೆ.

ಚೆಲುವರಾಜರು ಮನೆಯಿಂದ ಹೊರಡುವಾಗಲೇ ಕಾರು ಆರಿಸಿ ಆಗಿತ್ತು. ಸ್ಟುಡಿಯೋ ಪಕ್ಕದ ಬೇಕರಿಯವರ ಹತ್ತಿರ ಒಂದು ಹೈಬ್ರಿಡ್ ಕಾರಿದೆ. ಅದಕ್ಕೆ ಪೆಟ್ರೋಲ್ ಹಾಕಿಸಿದ್ದೇ ನೆನಪಿಲ್ಲ ಎಂದು ಆ ಮಹಾಶಯರು ದಿನಾ ಬನ್ನಿನ ಜೊತೆ ಹೇಳಿ ಕಳಿಸುತ್ತಿದ್ದರು. "ಅದೇ ಬೇಕು," ಎಂದು ನಮ್ಮವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿದರು.

ಜಬೀನಾ ನಕ್ಕರು. "ಆಗ್ಲಿ ಸಾರ್. ಮೊದಲು ಟೀ ಕುಡೀರಿ. ಓಡಿಸೋರು ಯಾರು?"

"ನಾನು," ಎಂದೆ.

"ಎಲ್ಲಿಂದ ಎಲ್ಲಿಗೆ? ಯಾವ ಹೊತ್ತಿಗೆ?"

ಹೇಳಿದೆ. ಅವರು ಕನಿಕರದಿಂದ ನನಗೆ ಇನ್ನೊಂದು ಬಿಸ್ಕತ್ತು ಕೊಟ್ಟರು. ಮನೆಯಲ್ಲಿ ಎಷ್ಟು ಜನ, ಸಾಮಾನು ಏನೇನು ಒಯ್ಯಬೇಕು, ಕಾರು ನಿಲ್ಲಿಸುವ ಜಾಗದ ಹತ್ತಿರ ಕರೆಂಟಿನ ಪಾಯಿಂಟ್ ಇದೆಯೇ, ವರ್ಷಕ್ಕೊಮ್ಮೆಯಾದರೂ ಊರು ಬಿಟ್ಟು ದೂರ ಹೋಗುತ್ತೀರಾ, ಎಲ್ಲ ಕೇಳಿದರು. ಜಾತಕ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆಯಿತು.

"ನೋಡಿ, ನನ್ನ ಹತ್ರ ಮೂರು ಥರ ಇವೆ," ಎಂದು ಎದ್ದರು. "ಇದರಲ್ಲಿರೋದು ಪುಟ್ಟ ಬ್ಯಾಟರಿ. ಹೊರಡುವಾಗ ಎಂಜಿನ್ನಿಗೆ ಬೆನ್ನಿಗೆ ಕೈ ಕೊಟ್ಟು ತಳ್ಳತ್ತೆ, ಅಷ್ಟೇ. ಮಿಕ್ಕಿದ್ದೆಲ್ಲ ಪೆಟ್ರೋಲು. ಬೆಲೆ ಕಮ್ಮಿ. ಇದು ಎರಡನೇದು, ಬೇಕರಿಯವ್ರ ಹತ್ರ ಇರೋದು. ನಿಧಾನಕ್ಕೆ ಹೋಗುವಾಗ ಬರೀ ಬ್ಯಾಟರೀಲೇ ಓಡತ್ತೆ. ಬ್ರೇಕ್ ಒತ್ತಿದಾಗ, ಇಳಿಜಾರಲ್ಲಿ ಬರುವಾಗ, ತಾನೇ ತುಂಬ್ಕೊಳತ್ತೆ."

"ಅದೇ ನಾನು ಹೇಳಿದ್ದು," ಎಂದರು ನಮ್ಮವರು.

"ಸಾರ್, ಬೇಕರಿಯವ್ರು ಇಳಿಯೋ ಜನ. ಬೆಳಿಗ್ಗೆ ಬ್ರೇಕ್ ಒತ್ಕೊಂಡು ಬರ್ತಾರೆ, ಸಂಜೆ ಬ್ರೇಕ್ ಒತ್ಕೊಂಡು ಹೋಗ್ತಾರೆ. ನಿಮ್ಮ ಮನೆಯವ್ರು ಬ್ರೇಕ್ ಒತ್ತೋದು ಎಲ್ಲಿ, ಹೇಳಿ?"

ನಮ್ಮವರು ಯೋಚಿಸಿದರು. "ಆಸ್ಪತ್ರೆ ಗೇಟಲ್ಲಿ," ಎಂದರು.

"ಅಷ್ಟರಲ್ಲಿ ಏನು ತುಂಬತ್ತೆ? ನಿಮಗೆ ಸರಿಹೋಗೋದು ಮೂರನೇದು. ರಾತ್ರಿ ಮನೇಲಿ ವೈರು ಸಿಗಿಸಿದ್ರೆ ಬೆಳಿಗ್ಗೆಗೆ ಭರ್ತಿ. ದೊಡ್ಡ ಬ್ಯಾಟರಿ, ಊರೊಳಗಿನ ಏರಿಗೆ ಸಾಕು. ದೂರ ಹೋಗೋದಾದ್ರೆ ಪೆಟ್ರೋಲ್ ಇದ್ದೇ ಇದೆ. ಆದ್ರೆ ಬೆಲೆ ಜಾಸ್ತಿ. ಡಿಕ್ಕೀಲಿ ಜಾಗ ಕಮ್ಮಿ, ಬ್ಯಾಟರಿ ನುಂಗಿಬಿಟ್ಟಿದೆ."

ಬೆಲೆ ಕೇಳಿ ನಾವಿಬ್ಬರೂ ಆ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತೆವು. ನಮ್ಮವರು ತಮ್ಮ ದೀಪದ ಕೊಡೆಗಳು, ಸ್ಟ್ಯಾಂಡುಗಳು, ಸುತ್ತಿಟ್ಟ ಬಣ್ಣದ ಪರದೆ ಎಲ್ಲಿಡುವುದೆಂದು ಡಿಕ್ಕಿಯೊಳಗೆ ತಲೆ ಹಾಕಿ ಲೆಕ್ಕಾಚಾರ ಮಾಡಿದರು. ಕೊನೆಗೆ, ಅಮ್ಮನನ್ನೂ ಕರೆತಂದು ತೋರಿಸಿ ತೀರ್ಮಾನ ಮಾಡೋಣ ಎಂದಾಯಿತು. ಅಲ್ಲಿಂದ ಶುರುವಾಯಿತು ನಿಜವಾದ ಏರು.

ಅತ್ತೆ ಮೊದಲನೇ ಕಾರಿನಲ್ಲಿ ಕೂತರು, ಎದ್ದರು. "ಸೀಟು ಬಹಳ ತಗ್ಗು. ಎದ್ದೇಳೋಕಾಗಲ್ಲ." ಕೂತು ಏಳುವುದೆಂದರೆ ಅವರಿಗೆ ಏನೂ ಅಲ್ಲ. ಬೆಳಗಿನ ಏರಿನಲ್ಲಿ ತರಕಾರಿ ಚೀಲ ಹೊತ್ತು ನನ್ನನ್ನು ದಾಟಿಕೊಂಡು ಹೋಗುವವರು ಅವರು. ಎರಡನೆಯದನ್ನು ಜಬೀನಾ ಬ್ಯಾಟರಿಯಲ್ಲಿ ಸದ್ದಿಲ್ಲದೆ ಒಂದು ಸುತ್ತು ಹಾಕಿಸಿ ತಂದರು. "ಉಸಿರೇ ಆಡ್ತಿಲ್ಲ ಇದು. ಕೂತೋರಿಗೆ ಭಯ ಆಗಲ್ವಾ?" ಮೂರನೆಯದು. "ರಾತ್ರಿ ಇದಕ್ಕೂ ಊಟಕ್ಕಿಡಬೇಕಾ? ಮರೆತು ಮಲಗಿದ್ರೆ?" ಮನೆಗೆ ಬಂದ ಮೇಲೆ ಬಣ್ಣದ ತಕರಾರು. ಮಾರನೆಯ ವಾರ ಬಾಗಿಲು ಹಾಕಿದಾಗಿನ ಸದ್ದಿನ ತಕರಾರು. ಇನ್ನೊಂದು ಸಲ ಹೋದಾಗ ಕಾರಿನ ಮುಖ ನೋಡಿದರೆ ಸಿಡುಕಿದ ಹಾಗಿದೆ ಎಂದರು. ಆ ಕಾರು ನನಗೂ ಹಾಗೇ ಕಂಡಿತು, ಅತ್ತೆ ಅದನ್ನು ಅಷ್ಟು ಹೊತ್ತು ದಿಟ್ಟಿಸಿದ್ದರು.

ಜಬೀನಾ ನನ್ನನ್ನು ಪಕ್ಕಕ್ಕೆ ಕರೆದರು. "ನಾನು ಹುಡುಗೀರನ್ನ ತೋರಿಸೋ ಕಾಲದಿಂದ ನೋಡಿದ್ದೀನಿ ಕಣಮ್ಮ. ಮೂಗು ಸರಿಯಿಲ್ಲ, ನಡಿಗೆ ಸರಿಯಿಲ್ಲ ಅಂತ ಎಲ್ಲದಕ್ಕೂ ತಪ್ಪು ಹುಡುಕೋ ಹುಡುಗನಿಗೆ ಮದುವೇನೇ ಬೇಡ ಅಂತ ಅರ್ಥ. ನಿಮ್ಮತ್ತೆಗೆ ಕಾರಿನ ಮೇಲೆ ಸಿಟ್ಟಿಲ್ಲ. ಆ ಕಾರು ಎಲ್ಲಿಗೆ ಹೋಗತ್ತೋ ಅದರ ಮೇಲೆ ಇದೆ."

ಮಾರನೆಯ ದಿನ ಅತ್ತೆ ಅವರೆಕಾಳು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತೆ. ಕಾಳು ಉರುಳದ ಹಾಗೆ ತಟ್ಟೆಯ ಒಂದು ಬದಿಗೆ ಬಟ್ಟೆ ಮಡಿಸಿ ಇಟ್ಟಿದ್ದರು. "ದೊಡ್ಡತ್ತೆಗೂ ನಿಮಗೂ ಏನಾಯ್ತು?" ಎಂದು ನೇರವಾಗಿ ಕೇಳಿದೆ. ಬಹಳ ಹೊತ್ತು ಕಾಳು ಬಿಡಿಸಿದರು. ಆಮೇಲೆ ಹೇಳಿದರು.

ಅವರ ತೌರುಮನೆಯೂ ನಡುಪೇಟೆಯಲ್ಲೇ. ಅಕ್ಕನಿಗೂ ತಂಗಿಗೂ ಒಟ್ಟಿಗೆ ಗಂಡು ನೋಡುತ್ತಿದ್ದರಂತೆ. ಒಂದೇ ವಾರದಲ್ಲಿ ಎರಡು ಸಂಬಂಧ ಬಂತು, ಒಂದು ಮೂಡಲಪೇಟೆಯದು, ಇನ್ನೊಂದು ಪಡುವಲಪೇಟೆಯದು. ಯಾರಿಗೆ ಯಾವುದು ಎಂದು ಅಪ್ಪ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಸರ್ವಮಂಗಳಮ್ಮನಿಗೆ ಮಂಡಿ ನೋವು ಬಂತು. ಕೂತರೆ ಅಯ್ಯೋ, ನಿಂತರೆ ಅಮ್ಮಾ. ಈ ಮಂಡಿ ಇಟ್ಟುಕೊಂಡು ಏರಿನ ಮನೆಗೆ ಹೇಗೆ ಕೊಡುವುದು ಎಂದು ಹಿರಿಯರು ಅವಳನ್ನು ಇಳಿಯುವವರಿಗೆ ಕೊಟ್ಟರು. ಏರುವವರ ಪಾಲಿಗೆ ಅಂಬುಜಮ್ಮ ಬಂದರು.

"ಮದುವೇಲಿ, ನಾಗೋಲಿ ಶಾಸ್ತ್ರದ ದಿವಸ ಅವಳು ಕುಣಿದ ಕುಣಿತ ನೋಡಬೇಕಿತ್ತು ನೀನು," ಎಂದರು ಅತ್ತೆ. "ಮಂಡಿ ನೋವಂತೆ. ಜೀವಮಾನವೆಲ್ಲ ನಾನು ಏರಿದೆ, ಅವಳು ಇಳಿದಳು. ಒಂದು ದಿನವಾದ್ರೂ ಬಂದು, ತಪ್ಪಾಯ್ತು ಅಂಬುಜಿ ಅಂದಳಾ? ಇಲ್ಲ. ನಾನ್ಯಾಕೆ ಹೋಗಲಿ?"

ದೊಡ್ಡತ್ತೆ ಆಸ್ಪತ್ರೆಯಲ್ಲಿ ಹೇಳಿದ ಮಾತಿನ ಅರ್ಥ ಆಗ ಆಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದವಳು ಕೊಟ್ಟ ಮಾತು ನೆನಪಾಗಿ ಒಂದು ಹಸಿ ಅವರೆಕಾಳು ಹಾಕಿಕೊಂಡೆ. "ಹೋಗಿ, ಬಾಯಿಗೆ ಬಂದ ಹಾಗೆ ಬೈದು ಬನ್ನಿ ಅತ್ತೆ," ಎಂದೆ. "ಇಷ್ಟು ವರ್ಷದ್ದು ಒಳಗೇ ಇಟ್ಟುಕೊಂಡು ಏನು ಮಾಡ್ತೀರಿ?"

ಈ ಸಲಹೆ ಅವರಿಗೆ ಹಿಡಿಸಿತು. ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ಎಲ್ಲರೂ ಬರೀ ಮರೆತುಬಿಡಿ ಎನ್ನುತ್ತಿದ್ದರು. ಅವತ್ತಿನಿಂದ ಕಾರಿನ ಮುಖ ಸಿಡುಕಿದ ಹಾಗೆ ಕಾಣುವುದು ನಿಂತಿತು.

ಜಬೀನಾ ನಮಗೊಂದು ದಾರಿ ಹುಡುಕಿದ್ದರು. ಮೂರನೇ ಬಗೆಯದೇ ಕಾರು, ಅಂಗಡಿಯವರು ಗಿರಾಕಿಗಳಿಗೆ ಓಡಿಸಿ ತೋರಿಸಲು ಇಟ್ಟುಕೊಂಡಿದ್ದದ್ದು. ಬಲಗಡೆ ಬಾಗಿಲಲ್ಲಿ ಒಂದು ನೆಗ್ಗು, ಮಾವಿನಕಾಯಿ ಬಣ್ಣ. ಆ ಬಣ್ಣ ಯಾರಿಗೂ ಬೇಡವಾದ್ದರಿಂದ ನಮ್ಮ ಕೈಗೆ ಎಟುಕಿತು. ಹಿಂದಿನ ಸೀಟು ಮಡಿಸಿದರೆ ಸ್ಟುಡಿಯೋ ಸಾಮಾನೆಲ್ಲ ಹಿಡಿಯುತ್ತದೆಂದು ನಮ್ಮವರು ತಾವೇ ಒಳಗೆ ಉದ್ದಕ್ಕೆ ಮಲಗಿ ಖಾತ್ರಿ ಮಾಡಿಕೊಂಡರು. ಆದರೂ ಬೇಕರಿಯವರ ಕಾರಿನ ಆಸೆ ಅವರಿಗೆ ಪೂರ್ತಿ ಹೋಗಿರಲಿಲ್ಲ. ಅದಕ್ಕೆ ಜಬೀನಾ ಒಂದು ಬೆಳಿಗ್ಗೆ ಎರಡನೇ ಬಗೆಯ ಕಾರಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ನಮ್ಮ ಮನೆಯಿಂದ ಏರು ಹತ್ತಿಸಿದರು. ಹೂವಿನ ಮಾರ್ಕೆಟ್ ದಾಟುವಷ್ಟರಲ್ಲಿ ಬ್ಯಾಟರಿ ಬರಿದಾಗಿ, ಎಂಜಿನ್ ಒಂದೇ ಸಮ ಮೊರೆಯುತ್ತ ಹತ್ತಿತು. ಪೆಟ್ರೋಲಿನ ಮುಳ್ಳು ನಮ್ಮವರ ಕಣ್ಣೆದುರೇ ಇಳಿಯಿತು. ಕಾರಿನಿಂದ ಕೆಳಗೆ ಕಾಲಿಟ್ಟ ಮೇಲೆ, "ಆ ಮಾವಿನಕಾಯಿ ಬಣ್ಣ ಅಷ್ಟೇನೂ ಕೆಟ್ಟದಾಗಿಲ್ಲ," ಎಂದರು.

ಕಾರು ಮನೆಗೆ ಬಂದ ವಾರವೇ ಭಾನುವಾರ ಹೊರಟೆವು. ಅತ್ತೆ ಬೈಯಲು ಹೋಗುವವರು ರೇಷ್ಮೆ ಸೀರೆ ಉಟ್ಟಿದ್ದರು. ಕೋಡುಬಳೆಯ ಡಬ್ಬಿ ಮಡಿಲಲ್ಲಿತ್ತು. "ಅದು ಯಾಕೆ?" ಎಂದು ಮಗ ಕೇಳಿದ್ದಕ್ಕೆ, "ಬರಿಗೈಲಿ ಹೋಗಿ ಬೈದ್ರೆ ಚೆನ್ನಾಗಿರತ್ತೇನೋ?" ಎಂದರು. ನಡುಪೇಟೆ ದಾಟುವವರೆಗೆ ತಾವು ಹೇಳಬೇಕಾದ್ದನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಕಾರು ಸದ್ದು ಮಾಡದೇ ಇದ್ದುದರಿಂದ ಅಲ್ಲೊಂದು ಇಲ್ಲೊಂದು ಮಾತು ನನಗೆ ಕೇಳಿಸಿತು. ಮೂಡಲಪೇಟೆಯ ತಿರುವಿಗೆ ಬಂದಾಗ ಅಭ್ಯಾಸ ನಿಂತಿತು.

"ಸುಧಾಮಣಿ, ಗಾಡಿ ತಿರುಗಿಸು," ಎಂದರು. "ಇನ್ನೊಂದು ದಿನ ಬರೋಣ. ನಾನು ಒಲೆ ಆರಿಸಿದ್ನೋ ಇಲ್ವೋ."

"ಆರಿಸಿದ್ದೀರಿ ಅತ್ತೆ. ನಾನೇ ನೋಡಿದೆ."

"ನೀನೇನು ಎಲ್ಲದನ್ನೂ ನೋಡ್ತೀಯ," ಎಂದರು. ನಾನು ತಿರುಗಿಸಲಿಲ್ಲ.

ದೊಡ್ಡತ್ತೆಯ ಮನೆಯ ಗೇಟು ತೆರೆದಿತ್ತು, ಬಾಗಿಲೂ ತೆರೆದಿತ್ತು. ಮಗ ಸೊಸೆ ಯಾವುದೋ ನಾಮಕರಣಕ್ಕೆ ಹೋಗಿದ್ದರಂತೆ. ನಾವು ಬರುವುದನ್ನು ಫೋನಿನಲ್ಲಿ ಹೇಳಿದ್ದರೂ ಯಾರೂ ಹೊರಗೆ ಬರಲಿಲ್ಲ. ಒಳಗಿನಿಂದ, "ಬನ್ನಿ, ಒಳಗೇ ಬನ್ನಿ," ಎಂಬ ಧ್ವನಿ ಮಾತ್ರ ಬಂತು. ಅತ್ತೆಯ ಮುಖ ಕೆಂಪಾಯಿತು. "ಎದ್ದು ಬಾಗಿಲ ತನಕ ಬರೋಕೂ ಆಗಲ್ವಂತಾ ಮಹಾರಾಣಿಗೆ?" ಎಂದು ಜೋರಾಗಿಯೇ ಹೇಳುತ್ತ ಮೆಟ್ಟಿಲು ಹತ್ತಿದರು.

ದೊಡ್ಡತ್ತೆ ಹಜಾರದ ಮಂಚದ ಮೇಲೆ ಕೂತಿದ್ದರು. ತಂಗಿಯನ್ನು ಕಂಡು ವಾಕರಿಗೆ ಕೈ ಚಾಚಿದರು. ಅತ್ತೆ ವಾಕರನ್ನು ನೋಡಿದರು, ಅಕ್ಕನನ್ನು ನೋಡಿದರು.

"ಮತ್ತೆ ಶುರು ಮಾಡಿದ್ಯಾ ಮಂಡಿ ನೋವು?" ಎಂದರು.

ನಾನು ನಡುವೆ ಬಾಯಿ ಹಾಕಲು ಹೋದೆ. ದೊಡ್ಡತ್ತೆ ಬೇಡವೆಂದು ಕೈ ಸನ್ನೆ ಮಾಡಿದರು. "ಕೂತ್ಕೋ ಅಂಬುಜಿ. ಕಾಫಿ ಮಾಡ್ತೀನಿ," ಎಂದು ಎದ್ದರು. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಮಂಡಿ ಕೈಕೊಟ್ಟಿತು. ನಾನು ಮುಂದೆ ನುಗ್ಗುವಷ್ಟರಲ್ಲಿ ಅತ್ತೆ ಡಬ್ಬಿ ಬಿಸಾಡಿ ಅಕ್ಕನನ್ನು ತಬ್ಬಿ ಹಿಡಿದಿದ್ದರು. ಕೋಡುಬಳೆಗಳೆಲ್ಲ ಪಡುವಣದ ಗೋಡೆಯ ಕಡೆಗೆ ಉರುಳಿಹೋದವು. ಅತ್ತೆಯ ಗಟ್ಟಿ ಕಾಲು ಅಲುಗಲಿಲ್ಲ. ಅಕ್ಕನನ್ನು ಹಾಗೇ ಎತ್ತಿದಂತೆ ನಡೆಸಿಕೊಂಡು ಬಂದು ಮಂಚದ ಮೇಲೆ ಕೂರಿಸಿದರು.

ಆಮೇಲೆ ನೆಲದ ಮೇಲೆ ಕೂತು, ಸೀರೆಯ ನೆರಿಗೆ ಸ್ವಲ್ಪ ಮೇಲೆ ಸರಿಸಿ, ಆ ಮಂಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟು ದಿನದಿಂದ?"

"ಆಯ್ತು ತುಂಬ ದಿನ. ಇಳಿದೂ ಇಳಿದೂ ಸವೆದುಹೋಗಿದೆ ಅಂತಾರೆ ಡಾಕ್ಟ್ರು. ಏರುವವರಿಗೆ ಹೀಗಾಗೋದು ಕಮ್ಮಿಯಂತೆ."

"ನಂಗೆ ಯಾಕೆ ಹೇಳಿ ಕಳಿಸ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳಿ ಕಳಿಸ್ಲಿ? ನೀನು ನಂಬ್ತಿದ್ಯಾ? ಈಗ ಬಂದವಳು ನಂಬಿದ್ಯಾ?"

ಅತ್ತೆ ಎಣ್ಣೆ ಎಲ್ಲಿದೆಯೆಂದು ಕೇಳಿದರು. ನಾನು ಅಡುಗೆಮನೆಯಿಂದ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಂದುಕೊಟ್ಟೆ. ನಮ್ಮವರು ಗೋಡೆಯ ಬುಡದಲ್ಲಿ ಕೂತು ಕೋಡುಬಳೆಗಳನ್ನು ಆಯ್ದು ಡಬ್ಬಿಗೆ ತುಂಬುತ್ತ, ಮುರಿದದ್ದನ್ನು ತಿನ್ನುತ್ತಿದ್ದರು. ಅತ್ತೆ ತಿಕ್ಕಲು ಶುರು ಮಾಡಿದರು. ದೊಡ್ಡತ್ತೆ ಕಣ್ಣು ಮುಚ್ಚಿಕೊಂಡು, "ತಪ್ಪಾಯ್ತು ಅಂಬುಜಿ," ಎಂದರು. "ಅವತ್ತು ನಂಗೆ ಮಂಡಿ ನೋವಿರ್ಲಿಲ್ಲ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಅಪ್ಪ ಬಂದಾಗ ಎಡ ಮಂಡಿ ಹಿಡ್ಕೊಂಡಿದ್ದೆ, ಅಮ್ಮ ಬಂದಾಗ ಬಲ ಮಂಡಿ."

ದೊಡ್ಡತ್ತೆ ಕಣ್ಣು ಬಿಟ್ಟರು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಅಪ್ಪನಿಗೆ ಒಂದು ಮಾತು ಹೇಳಿದ್ರೆ ನಿಂತುಹೋಗ್ತಿತ್ತು."

ಅತ್ತೆ ತಲೆ ತಗ್ಗಿಸಿ ತಿಕ್ಕುತ್ತಲೇ ಇದ್ದರು. ನಾನು ಅವರ ಕಿವಿ ಕೆಂಪಾದದ್ದನ್ನು ಕಂಡೆ. "ಪಡುವಲಪೇಟೆಯವರು ಬಂದಾಗ ನಾನು ಕಿಟಕಿ ಸಂದಿಯಿಂದ ನೋಡಿದ್ದೆ," ಎಂದರು. "ಇವನ ಅಪ್ಪ ಚೆನ್ನಾಗಿದ್ರು."

ಗೋಡೆಯ ಬುಡದಲ್ಲಿ ಕೋಡುಬಳೆ ಮುರಿಯುವ ಸದ್ದು ನಿಂತಿತು. ನಮ್ಮವರಿಗೆ ತಮ್ಮ ಅಪ್ಪ ಚೆನ್ನಾಗಿದ್ದರೆಂಬುದು ಹೊಸ ಸುದ್ದಿ. ಅತ್ತೆ ಇಲ್ಲಿಯವರೆಗೆ ತೀರಿಹೋದ ಗಂಡನ ವಿಷಯದಲ್ಲಿ ಹೇಳುತ್ತಿದ್ದುದು ಆ ಮಹಾನುಭಾವರ ಗೊರಕೆಯೊಂದನ್ನೇ.

"ಅಂದ್ರೆ," ಎಂದು ದೊಡ್ಡತ್ತೆ ನಿಧಾನಕ್ಕೆ ಶುರು ಮಾಡಿದರು, "ನಿಂಗೆ ಬೇಕಾದ್ದು ನಿಂಗೆ ಸಿಕ್ಕಿತ್ತು. ಇಷ್ಟು ವರ್ಷ ನನ್ನಿಂದ ನೀನು ಏರುವ ಹಾಗಾಯ್ತು ಅಂತ ನಾನು ಒಳಗೇ ಸಾಯ್ತಿದ್ದೆ. ಮದುವೆಮನೇಲಿ ನಿನ್ನ ಮುಖ ನೋಡೋಕಾಗದೆ ಬೇರೆ ಸಾಲಲ್ಲಿ ಕೂರ್ತಿದ್ದೆ."

"ಕೂತ್ಕೋ ಅಂತ ನಾನೇನು ಹೇಳಿದ್ನಾ?"

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಂಗೆ ಹಾಯಾಗಿಬಿಡ್ತಿತ್ತು," ಎಂದರು ಅತ್ತೆ. "ಏರುವಾಗ ಕಾಲು ನೋವು ಬಂದಾಗಲೆಲ್ಲ ಬೈಯೋಕೆ ಒಬ್ರು ಬೇಕಲ್ಲ. ನಮ್ಮ ಯಜಮಾನ್ರನ್ನ ಬೈಯೋ ಹಾಗಿರ್ಲಿಲ್ಲ."

ದೊಡ್ಡತ್ತೆ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು. ನೋವಾಗಿ ಮತ್ತೆ ಮುಂದಕ್ಕೆ ಚಾಚಿದರು. ಅತ್ತೆ ಏನೂ ಆಗದವರಂತೆ ಇನ್ನಷ್ಟು ಎಣ್ಣೆ ಸುರಿದುಕೊಂಡರು. ನಾನು ಕಾಫಿ ಮಾಡಿ ತಂದೆ, ಅದೂ ಆರಿತು. ಹೊರಗೆ ಊರು ಮಟ್ಟಕ್ಕೆ ಬರುವ ಹೊತ್ತಾಗುತ್ತ ಬಂದಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಎಲೆ ಹಾಕುವ, ಪಾತ್ರೆ ಇಳಿಸುವ ಸದ್ದು ಕೇಳುತ್ತಿತ್ತು.

ಕೊನೆಗೆ ದೊಡ್ಡತ್ತೆಯೇ ಬಾಯಿ ಬಿಟ್ಟರು.

"ನಿಮ್ಮ ಯಜಮಾನ್ರು ಹುಡುಗರಾಗಿದ್ದಾಗಿಂದು ಯಾವುದಾದ್ರೂ ಫೋಟೋ ಇದೆಯಾ ಮನೇಲಿ?"

"ಯಾಕೆ?"

"ಅವತ್ತು ನಾನು ಮಂಡಿ ಹಿಡ್ಕೊಂಡು ನರಳೋದರಲ್ಲೇ ಇದ್ದೆ. ಸರಿಯಾಗಿ ನೋಡ್ಲೇ ಇಲ್ಲ."

ಅತ್ತೆ ಎಣ್ಣೆಯ ಕೈಯನ್ನು ರೇಷ್ಮೆ ಸೀರೆಗೇ ಒರೆಸಿಕೊಂಡರು. ಇನ್ನೊಂದು ಮಂಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇದೆ," ಎಂದರು. "ತೋರಿಸಲ್ಲ."